ಜೀರ್ಣೋದ್ಧಾರದ ಮೇರೆ

ಜೀರ್ಣವಾದುದನ್ನು ಉದ್ಧರಿಸುವುದು ಪುಣ್ಯಕಾರ್ಯವೆಂದು ನಮ್ಮ ಹಿರಿಯರು ಭಾವಿಸಿದ್ದರು. ಹೂಳು ತುಂಬಿದ ಕೆರೆಯನ್ನು ತೋಡಿಸುವುದು, ಕುಸಿದ ಬಾವಿಯ ಕಟ್ಟೆಯನ್ನು ಕಟ್ಟಿಸುವುದು, ಸೋರುವ ಮಾಳಿಗೆಯನ್ನು ಸರಿಪಡಿಸುವುದು ಇವೆಲ್ಲವೂ ಆ ಹೆಸರಿಗೆ ಅರ್ಹವಾದ ಕೆಲಸಗಳೇ. ಆದರೆ ಜೀರ್ಣೋದ್ಧಾರವನ್ನು ಎಲ್ಲಿ ಆರಂಭಿಸಬೇಕೆಂಬುದು ಸುಲಭವಾಗಿ ತಿಳಿಯುವುದು. ಎಲ್ಲಿ ನಿಲ್ಲಿಸಬೇಕೆಂಬುದು ಅಷ್ಟು ಸುಲಭವಾಗಿ ತಿಳಿಯದು. ಸೋರುವ ಒಂದು ಮೂಲೆಯನ್ನು ನೋಡಲು ಏಣಿ ಹತ್ತಿದವನು ಇಡೀ ಮಾಳಿಗೆಯನ್ನೇ ಕೀಳಿಸಿ ಸಾಲಗಾರನಾದುದೂ ಉಂಟು. ಒಂದು ಹಿಡಿ ಗಾರೆಯನ್ನು ಮೆತ್ತಿ ಇಳಿದುಬಂದವನ ತೊಲೆ ಮರುವರ್ಷ ಮುರಿದುಬಿದ್ದುದೂ ಉಂಟು. ಅತಿಯೂ ದೋಷ, ಕೊರತೆಯೂ ದೋಷ. ಇವೆರಡರ ನಡುವಣ ಮೇರೆಯನ್ನು ಗೃಹಸ್ಥನು ಕಂಡುಕೊಳ್ಳುವುದು ಹೇಗೆ?

ಈ ಪ್ರಶ್ನೆಯನ್ನು ವಿಚಾರಿಸಲು ವಾಚಕರಲ್ಲಿ ಕೆಲವರಿಗೆ ಅಪರಿಚಿತವೆನಿಸಬಹುದಾದ ಒಂದು ನಿದರ್ಶನವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಅದು ಓಡಿ ಓಡಿ ಸವೆದಿರುವ ಒಂದು ಸ್ಪೋರ್ಟ್ಸ್ ಕಾರಿನ ಎಂಜಿನ್ನು. ಇದನ್ನೇ ಆರಿಸಿಕೊಂಡುದಕ್ಕೆ ಕಾರಣವಿಷ್ಟೆ: ಮನೆ, ಆಸ್ತಿ, ಆಚಾರ, ಸಂಬಂಧ ಇವುಗಳ ಸವೆತವನ್ನು ಅಳೆಯುವ ಕೋಲು ನಮ್ಮ ಕೈಯಲ್ಲಿಲ್ಲ, ಅಲ್ಲಿ ಮನಸ್ಸು ತನ್ನನ್ನು ತಾನೇ ವಂಚಿಸಿಕೊಳ್ಳಲು ಅವಕಾಶವು ಬಹಳ. ಎಂಜಿನ್ನಿನಲ್ಲಿಯಾದರೋ ಸವೆತವನ್ನು ಇಂಚಿನ ಸಾವಿರದೊಂದು ಭಾಗದವರೆಗೆ ಅಳೆಯಬಹುದು. ಅಳತೆಯು ಎದುರಿಗಿದ್ದರೂ ಮನುಷ್ಯನು ಹೇಗೆ ದಾರಿ ತಪ್ಪುತ್ತಾನೆಂಬುದನ್ನು ಇಲ್ಲಿ ಸ್ಪಷ್ಟವಾಗಿ ನೋಡಬಹುದು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರಕ್ಕೆ ಅನತಿದೂರದಲ್ಲಿ, ಥೇಮ್ಸ್ ನದಿಯ ದಡದ ಮೇಲೆ, ಆಬಿಂಗ್ಡನ್ ಎಂಬ ಊರಿದೆ. 1929ರಿಂದ 1980ರವರೆಗೆ ಎಂ.ಜಿ. ಕಾರುಗಳ ಕಾರ್ಖಾನೆಯು ಅಲ್ಲಿದ್ದಿತು. 1962ರಲ್ಲಿ ಅಲ್ಲಿಂದ ಹೊರಬಂದ ಎಂ.ಜಿ.ಬಿ. ಎಂಬ ಚಿಕ್ಕ ಸ್ಪೋರ್ಟ್ಸ್ ಕಾರು ಕಾರ್ಖಾನೆ ಮುಚ್ಚುವವರೆಗೂ ತಯಾರಾಗುತ್ತ, ಐದು ಲಕ್ಷಕ್ಕೂ ಮಿಕ್ಕಿದ ಸಂಖ್ಯೆಯಲ್ಲಿ ನಾನಾ ದೇಶಗಳಿಗೆ ಹೋಯಿತು. ಅದರ ಎಂಜಿನ್ನು 1798 ಸಿ.ಸಿ.ಯದು, ನಾಲ್ಕು ಸಿಲಿಂಡರು, ಎರಕದ ಕಬ್ಬಿಣದ ಬ್ಲಾಕು, ಎರಕದ ಕಬ್ಬಿಣದ ಹೆಡ್ಡು. ಮೊದಲಿಗೆ ಕ್ರ್ಯಾಂಕ್‌ಶಾಫ್ಟಿಗೆ ಮೂರು ಮುಖ್ಯ ಬೇರಿಂಗುಗಳಿದ್ದುವು. 1964ರ ಕೊನೆಯ ಭಾಗದಿಂದ ಐದಾದುವು. ಇದು ಅರಸುಮಕ್ಕಳಿಗಾಗಿ ಮಾಡಿದ ಅಪೂರ್ವ ಯಂತ್ರವಲ್ಲ. ಸಾಮಾನ್ಯ ಸಂಸಾರಸ್ಥರ ಕಾರುಗಳಲ್ಲಿದ್ದ ಬಿ-ಸೀರೀಸ್ ಎಂಬ ಎಂಜಿನ್ ಕುಲಕ್ಕೇ ಸೇರಿದುದು. ನಮ್ಮ ದೇಶದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ, 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ 1489 ಸಿ.ಸಿ. ಎಂಜಿನ್ನು ಕೂಡ ಅದೇ ಕುಲದ್ದು. ಆದುದರಿಂದ ಅಂಬಾಸಡರಿನ ಎಂಜಿನ್ ಬಿಚ್ಚಿದ್ದನ್ನು ಕಂಡವರಿಗೆ ಈ ಸಂಗತಿಯು ತೀರ ದೂರದ್ದಾಗಲಾರದು.

ಈಗ ಇಂಗ್ಲೆಂಡಿನಲ್ಲಿ ಒಬ್ಬ ಗೃಹಸ್ಥನಿದ್ದಾನೆಂದು ಭಾವಿಸೋಣ. ಅವನ ತಂದೆ 1967ರ ಎಂ.ಜಿ.ಬಿ. ಕಾರೊಂದನ್ನು ಬಹುಕಾಲ ಓಡಿಸಿ, ತೀರಿಕೊಳ್ಳುವಾಗ ಮಗನಿಗೆ ಬಿಟ್ಟುಹೋಗಿದ್ದಾನೆ. ಕಾರು ಓಡುತ್ತದೆ, ಆದರೆ ಹಿಂದೆ ನೀಲಿ ಹೊಗೆ. ಎಣ್ಣೆ ಬೇಗ ಬೇಗ ಇಳಿಯುತ್ತದೆ. ಎಂಜಿನ್ನು ಬಿಸಿಯಾದ ಮೇಲೆ ಎಣ್ಣೆಯ ಒತ್ತಡದ ಮುಳ್ಳು ಕೆಳಗೆ ಬೀಳುತ್ತದೆ. ಮನೆಯಲ್ಲಿ ಬೆಳೆದ ಮಗಳ ವಿದ್ಯಾಭ್ಯಾಸದ ವೆಚ್ಚವಿದೆ. ಹೀಗಿರಲು ಮೂವರು ಬಂದು ಮೂರು ಬಗೆಯ ಸಲಹೆ ಕೊಡುತ್ತಾರೆ. ಮೊದಲನೆಯವನು, 'ದಪ್ಪ ಎಣ್ಣೆ ಹಾಕಿ ಓಡಿಸು, ನಿಂತ ದಿನ ನೋಡಿಕೊಳ್ಳೋಣ' ಎನ್ನುತ್ತಾನೆ. ಎರಡನೆಯವನು, 'ಬಿಚ್ಚುವುದಾದರೆ ಎಲ್ಲವನ್ನೂ ಹೊಸದು ಮಾಡು. ತಂದೆಯ ಕಾರಿಗೆ ಅರೆಬರೆ ಕೆಲಸ ಮಾಡಿಸಬೇಡ' ಎನ್ನುತ್ತಾನೆ. ಮೂರನೆಯವನು, 'ಹೊಸದು ಮಾಡುವುದಾದರೆ ಮೊದಲಿಗಿಂತ ಹೆಚ್ಚು ಶಕ್ತಿ ಬರುವಂತೆ ಮಾಡು' ಎನ್ನುತ್ತಾನೆ. ಈ ಮೂವರೂ ಒಂದು ವಿಷಯದಲ್ಲಿ ಸಮಾನರು: ಮೂವರಲ್ಲಿ ಯಾರೂ ಎಂಜಿನ್ನನ್ನು ಪರೀಕ್ಷಿಸಿಲ್ಲ.

ಇದೇ ಮೊದಲನೆಯ ಪಾಠ. ನಿರ್ಣಯಕ್ಕೆ ಮುಂಚೆ ವಿಚಾರಣೆ ನಡೆಯಬೇಕು. ಎಂಜಿನ್ನನ್ನು ಬಿಚ್ಚುವ ಮೊದಲೇ ಅದನ್ನು ವಿಚಾರಿಸಲು ಸಾಧ್ಯ. ಒಂದೊಂದು ಸಿಲಿಂಡರಿನಲ್ಲಿಯೂ ಒತ್ತಡ ಎಷ್ಟು ಹುಟ್ಟುತ್ತದೆಂಬುದನ್ನು ಮಾಪಕವಿಟ್ಟು ನೋಡಬೇಕು. ನಾಲ್ಕರಲ್ಲಿ ಮೂರು ಒಂದಕ್ಕೊಂದು ಹತ್ತಿರವಾಗಿದ್ದು ಒಂದು ಮಾತ್ರ ಬಹಳ ಕಡಮೆಯಾಗಿದ್ದರೆ, ಆ ಒಂದರೊಳಕ್ಕೆ ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ದೋಷವು ಪಿಸ್ಟನ್ ರಿಂಗುಗಳಲ್ಲಿ ಅಥವಾ ಬೋರಿನಲ್ಲಿ. ಏರದಿದ್ದರೆ ಬಹುಮಟ್ಟಿಗೆ ವಾಲ್ವಿನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೆ ಕಡಮೆಯಾಗಿದ್ದರೆ ಅವುಗಳ ನಡುವಣ ಹೆಡ್ ಗ್ಯಾಸ್ಕೆಟ್ಟನ್ನು ಸಂದೇಹಿಸಬೇಕು. ಹೊಗೆಯೂ ಸಾಕ್ಷಿ ಹೇಳುತ್ತದೆ. ಏರಿನಲ್ಲಿ ಬಲವಾಗಿ ಎಳೆಯುವಾಗ ಹೊಗೆ ಬಂದರೆ ರಿಂಗುಗಳ ಕಡೆಗೂ, ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಗೈಡುಗಳ ಕಡೆಗೂ ಅದು ಬೆರಳು ತೋರಿಸುತ್ತದೆ. ಎಣ್ಣೆಯ ಒತ್ತಡವು ಈ ಎಂಜಿನ್ನಿನಲ್ಲಿ ಓಡುವಾಗ ಚದರ ಇಂಚಿಗೆ 50ರಿಂದ 80 ಪೌಂಡು, ನಿಂತು ಸುತ್ತುವಾಗ 10ರಿಂದ 25 ಪೌಂಡು ಇರಬೇಕೆಂದು ಕ್ರಮ. ಅದಕ್ಕಿಂತ ಕಡಮೆ ಕಂಡಿತೆಂದು ಕೂಡಲೇ ಬೇರಿಂಗು ಸವೆದಿದೆ ಎಂದು ತೀರ್ಪು ಕೊಡಬಾರದು. ಮಾಪಕವೇ ಸುಳ್ಳು ಹೇಳುತ್ತಿರಬಹುದು, ಒತ್ತಡವನ್ನು ಹಿಡಿತದಲ್ಲಿಡುವ ವಾಲ್ವಿನ ಸ್ಪ್ರಿಂಗು ಸೋತಿರಬಹುದು. ಬೇರೊಂದು ಮಾಪಕವಿಟ್ಟು ನೋಡಿದ ಮೇಲೆಯೇ ಮಾತು.

ಹೀಗೆ ವಿಚಾರಿಸಿದಾಗ ಕೆಲವೊಮ್ಮೆ ಬಿಚ್ಚುವ ಅವಶ್ಯಕತೆಯೇ ಇಲ್ಲವೆಂದು ತಿಳಿದುಬರುತ್ತದೆ. ಕಾರ್ಬುರೇಟರು ಕೆಟ್ಟು ಶಕ್ತಿ ಕುಂದಿದುದನ್ನು ಎಂಜಿನ್ನಿನ ವೃದ್ಧಾಪ್ಯವೆಂದು ಭ್ರಮಿಸಿದವರು ಕಡಮೆಯಲ್ಲ. ಮನುಷ್ಯರ ವಿಷಯದಲ್ಲಿಯೂ ಹೊರಗಿನ ಒಂದು ಲಕ್ಷಣವನ್ನು ಕಂಡು ಒಳಗೆಲ್ಲ ಕೆಟ್ಟಿತೆಂದು ಹೇಳಿಬಿಡುವ ಅಭ್ಯಾಸವು ನಮ್ಮಲ್ಲಿಲ್ಲವೆ?

ನಮ್ಮ ಗೃಹಸ್ಥನ ಕಾರಿನಲ್ಲಿ ದೋಷವು ಒಳಗೇ ಇದೆಯೆಂದೂ ಎಂಜಿನ್ನನ್ನು ಇಳಿಸಲೇಬೇಕೆಂದೂ ತಿಳಿದುಬಂದಿತೆಂದು ಇಟ್ಟುಕೊಳ್ಳೋಣ. ಈಗಲೇ ನಿಜವಾದ ಪರೀಕ್ಷೆ. ಬಿಚ್ಚಿದ ಎಂಜಿನ್ನಿನ ಮುಂದೆ ನಿಂತವನ ಕಿವಿಯಲ್ಲಿ ಒಂದು ಧ್ವನಿ ಕೇಳಿಬರುತ್ತದೆ: 'ಹೇಗೂ ಬಿಚ್ಚಿದ್ದಾಯಿತಲ್ಲ, ಇದನ್ನೂ ಮಾಡಿಸಿಬಿಡು.' ಈ 'ಹೇಗೂ' ಎಂಬ ಮಾತಿಗೆ ಕೊನೆಯಿಲ್ಲ. ರಿಂಗಿಗಾಗಿ ಬಿಚ್ಚಿದವನು ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಕ್ರ್ಯಾಂಕಿಗೆ, ಕ್ರ್ಯಾಂಕಿನಿಂದ ಕ್ಲಚ್ಚಿಗೆ, ಕ್ಲಚ್ಚಿನಿಂದ ಗೇರುಪೆಟ್ಟಿಗೆಗೆ ಹೋಗುತ್ತಾನೆ. ಕಡೆಗೆ ಹಣ ತೀರಿ, ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಕುಳಿತು, ಓಡುತ್ತಿದ್ದ ಕಾರು ವರ್ಷಾನುಗಟ್ಟಲೆ ಓಡದೆ ನಿಲ್ಲುತ್ತದೆ.

ಪೂರ್ವಪಕ್ಷದಲ್ಲಿ ಸತ್ಯವೇ ಇಲ್ಲವೆಂದಲ್ಲ. ಎಂಜಿನ್ನನ್ನು ಇಳಿಸಿ ಏರಿಸುವ ಕೂಲಿಯನ್ನು ಪ್ರತಿ ಸಲವೂ ಪೂರ್ತಿಯಾಗಿ ಕೊಡಬೇಕು. ಇಂದು ಉಳಿಸಿದ ಒಂದು ಸಣ್ಣ ವಸ್ತುವಿಗಾಗಿ ನಾಳೆ ಮತ್ತೆ ಎಲ್ಲವನ್ನೂ ಬಿಚ್ಚುವುದು ಮಿತವ್ಯಯವಲ್ಲ, ಮೌಢ್ಯ. ಆದುದರಿಂದ ಬರಿಯ ಸಂಯಮದ ಹೆಸರು ಹೇಳಿದರೆ ಸಾಲದು. ಎಲ್ಲಿ ಉದಾರನಾಗಬೇಕು, ಎಲ್ಲಿ ಕೈ ಹಿಡಿಯಬೇಕು ಎಂಬ ವಿವೇಚನೆ ಬೇಕು. ಅದಕ್ಕಾಗಿ ಎಂಜಿನ್ನಿನ ಅಂಗಗಳನ್ನು ಮೂರು ವರ್ಗಗಳಾಗಿ ನೋಡುವುದು ಒಳ್ಳೆಯದು.

ಮೊದಲನೆಯ ವರ್ಗದವು ಬೆಲೆಯಲ್ಲಿ ಅಲ್ಪ, ತಲುಪುವುದರಲ್ಲಿ ಕಷ್ಟ. ಗ್ಯಾಸ್ಕೆಟ್ಟು, ಎಣ್ಣೆ ತಡೆಯುವ ಸೀಲು, ಶೆಲ್ ಬೇರಿಂಗುಗಳು, ಟೈಮಿಂಗ್ ಚೈನು ಮುಂತಾದುವು ಇಂಥವು. ಎಂಜಿನ್ನು ಹೊರಗಿರುವಾಗ ಇವನ್ನು ಬದಲಾಯಿಸಲು ಹಿಂದೆಮುಂದೆ ನೋಡಬಾರದು.

ಎರಡನೆಯ ವರ್ಗದವು ಜೊತೆಗೂಡಿ ಬಾಳುವ ಅಂಗಗಳು. ಕ್ಯಾಮ್‌ಶಾಫ್ಟಿನ ಮೇಲೆ ಕುಳಿತು ವಾಲ್ವುಗಳನ್ನು ಎತ್ತುವ ಎಂಟು ಟ್ಯಾಪೆಟ್ಟುಗಳನ್ನು ನೋಡಿ. ಪ್ರತಿಯೊಂದೂ ತನ್ನ ಕ್ಯಾಮಿನೊಂದಿಗೆ ಉಜ್ಜಿ ಉಜ್ಜಿ ಹೊಂದಿಕೊಂಡಿರುತ್ತದೆ. ಹಳೆಯದನ್ನೇ ಉಳಿಸುವುದಾದರೆ ಒಂದೊಂದನ್ನೂ ಅದರದರ ಸ್ಥಾನದಲ್ಲಿಯೇ ಮತ್ತೆ ಇಡಬೇಕು. ಹೊಸ ಕ್ಯಾಮ್‌ಶಾಫ್ಟನ್ನು ಹಾಕುವುದಾದರೆ ಟ್ಯಾಪೆಟ್ಟುಗಳೂ ಹೊಸವಾಗಬೇಕು. ಹಳೆಯ ಟ್ಯಾಪೆಟ್ಟು ಹೊಸ ಕ್ಯಾಮನ್ನು ಬೇಗನೆ ತಿಂದುಹಾಕುತ್ತದೆ. ರಿಂಗಿಗೂ ಬೋರಿಗೂ ಇದೇ ನಂಟು. ಬೋರು ಹೆಚ್ಚು ಸವೆಯುವುದು ಮೇಲ್ಭಾಗದಲ್ಲಿ; ಏಕೆಂದರೆ ಉರಿಯ ಶಾಖವೂ ಅನಿಲದ ಒತ್ತಡವೂ ಅಲ್ಲಿ ಹೆಚ್ಚು, ಎಣ್ಣೆ ಅಲ್ಲಿ ಕಡಮೆ. ರಿಂಗು ತಲುಪದ ತುತ್ತತುದಿಯು ಮಾತ್ರ ಸವೆಯದೆ ಒಂದು ಸಣ್ಣ ಮೆಟ್ಟಿಲಿನಂತೆ ಉಳಿಯುತ್ತದೆ. ಆ ಮೆಟ್ಟಿಲನ್ನು ತೆಗೆಯದೆ ಹೊಸ ರಿಂಗನ್ನು ಹಾಕಿದರೆ ಅದು ಅಲ್ಲಿಗೆ ಬಡಿದು ಮುರಿಯಬಹುದು. ಕನ್ನಡಿಯಂತೆ ನುಣುಪಾದ ಹಳೆಯ ಬೋರಿಗೆ ಹೋನಿಂಗ್ ಕಲ್ಲಿನಿಂದ ಅಡ್ಡಗೆರೆಗಳನ್ನು ಎಳೆಯದಿದ್ದರೆ ಹೊಸ ರಿಂಗು ಅದಕ್ಕೆ ಹೊಂದಿಕೊಳ್ಳದು. ಜೊತೆಯಲ್ಲಿ ಒಂದನ್ನು ಮಾತ್ರ ಹೊಸದು ಮಾಡಿ ಇನ್ನೊಂದನ್ನು ಮರೆಯುವುದು ಉದ್ಧಾರವಲ್ಲ. ಅದು ಹೊಸದಕ್ಕೂ ಹಳೆಯದಕ್ಕೂ ಮಾಡಿದ ಅನ್ಯಾಯ.

ಮೂರನೆಯ ವರ್ಗವೇ ಮುಖ್ಯವಾದುದು. ಅದು ಒಮ್ಮೆ ತೆಗೆದರೆ ಮತ್ತೆ ಇಡಲಾಗದ ಲೋಹ. ಈ ಎಂಜಿನ್ನಿನ ಬೋರಿನ ಮೂಲ ವ್ಯಾಸ 80.26 ಮಿಲಿಮೀಟರು. ಬೋರು ಸವೆದಾಗ ಅದನ್ನು ಕೊರೆದು ದೊಡ್ಡದು ಮಾಡಿ ದೊಡ್ಡ ಪಿಸ್ಟನ್ನನ್ನು ಹಾಕುತ್ತಾರೆ. ಇಂಚಿನ ಸಾವಿರದೊಂದು ಭಾಗಕ್ಕೆ ಕೆಲಸಗಾರರು 'ಥೌ' ಎನ್ನುವರು. 20, 30, 40, 60 ಥೌ ಹೆಚ್ಚಿನ ಅಳತೆಯ ಪಿಸ್ಟನ್ನುಗಳು ದೊರೆಯುತ್ತವೆ. 60 ಥೌ ಎಂದರೆ ಸುಮಾರು ಒಂದೂವರೆ ಮಿಲಿಮೀಟರು. ಅಲ್ಲಿಗೆ ಬ್ಲಾಕಿನ ಆಯುಸ್ಸು ಬಹುಮಟ್ಟಿಗೆ ಮುಗಿಯಿತು. ಮುಂದೆ ಹೊಸ ಸ್ಲೀವನ್ನು ಕೂಡಿಸಿ ಬದುಕಿಸಬೇಕು. ಕ್ರ್ಯಾಂಕಿಗೂ ಹಾಗೆಯೇ 10, 20, 30, 40 ಥೌ ಎಂದು ಇಳಿಯುವ ಮೆಟ್ಟಿಲುಗಳಿವೆ. ಈ ಮೆಟ್ಟಿಲುಗಳಲ್ಲಿ ಕೆಳಗಿಳಿಯಬಹುದು, ಮೇಲೇರಲಾಗದು. ಆಬಿಂಗ್ಡನ್ನಿನ ಕಾರ್ಖಾನೆ ಮುಚ್ಚಿ ನಾಲ್ಕು ದಶಕಗಳು ಕಳೆದಿವೆ. ಅಗತ್ಯವಿಲ್ಲದೆ ಬೋರು ಕೊರೆಯಿಸಿದವನು ತನ್ನ ಹಣವನ್ನು ಮಾತ್ರ ಖರ್ಚು ಮಾಡಲಿಲ್ಲ; ಮುಂದೆ ಆ ಕಾರನ್ನು ಇಟ್ಟುಕೊಳ್ಳುವವನ ಪಾಲಿನ ಲೋಹವನ್ನೂ ಖರ್ಚು ಮಾಡಿದನು. ಕೆರೆಯ ನೀರಿನಲ್ಲಿ ಕೆಳಗದ್ದೆಯವನಿಗೆ ಪಾಲಿರುವಂತೆ ಬ್ಲಾಕಿನ ಕಬ್ಬಿಣದಲ್ಲಿಯೂ ಮುಂದಿನವನಿಗೆ ಪಾಲಿದೆ.

ಹಾಗಾದರೆ ಅಳತೆಯು ಏನು ಹೇಳುತ್ತದೆ? ಬೋರಿನ ಸವೆತ ಮೂರು ನಾಲ್ಕು ಥೌ ಒಳಗಿದ್ದರೆ ಹೋನಿಂಗ್ ಮಾಡಿಸಿ ಹೊಸ ರಿಂಗು ಹಾಕಿದರೆ ಸಾಮಾನ್ಯ ಓಡಾಟಕ್ಕೆ ಸಾಕು. ಹತ್ತು ಥೌ ಮುಟ್ಟಿದ್ದರೆ ಕೊರೆಯಿಸಲೇಬೇಕು; ಅಲ್ಲಿ ರಿಂಗು ಮಾತ್ರ ಹಾಕಿಸುವುದು ಹಣವನ್ನು ಹೊಗೆ ಮಾಡಿದಂತೆ. ಈ ಎರಡು ಅಂಕಿಗಳ ನಡುವೆ ಬಂದಾಗ ಮಾತ್ರ ನಿರ್ಣಯವು ಮನುಷ್ಯನ ಪಾಲಿಗೆ ಬರುತ್ತದೆ. ಆಗ ಕಾರು ವರ್ಷಕ್ಕೆ ಎಷ್ಟು ದೂರ ಓಡುವುದು, ಯಾರು ಓಡಿಸುವರು, ಮನೆಯ ಇತರ ಕರ್ತವ್ಯಗಳೇನು ಎಂಬುದನ್ನು ತೂಗಬೇಕು. ದಿನವೂ ದೂರ ಹೋಗುವ ಕಾರಿಗೂ, ಬೇಸಗೆಯ ಭಾನುವಾರಗಳಂದು ಹೊರಡುವ ಕಾರಿಗೂ ಒಂದೇ ಉತ್ತರವಿರಲಾರದು.

ಹೆಡ್ಡಿನ ವಿಷಯದಲ್ಲಿಯೂ ಹೀಗೆಯೇ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸವು ಎಕ್ಸಾಸ್ಟ್ ವಾಲ್ವಿಗೂ ಅದರ ಸೀಟಿಗೂ ನಡುವೆ ತೆಳ್ಳನೆಯ ಪದರವಾಗಿ ನಿಂತು ಸವೆತವನ್ನು ತಡೆಯುತ್ತಿದ್ದಿತು. ಬ್ರಿಟನ್ನಿನಲ್ಲಿ 1999ರ ಕೊನೆಗೂ ಭಾರತದಲ್ಲಿ 2000ದಲ್ಲಿಯೂ ಸೀಸದ ಪೆಟ್ರೋಲಿನ ಸಾಮಾನ್ಯ ಮಾರಾಟವು ನಿಂತುಹೋಯಿತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಹಳೆಯ ಎರಕದ ಹೆಡ್ಡುಗಳಲ್ಲಿ ಸೀಟು ಬೇಗ ಸವೆಯುವ ಸಂಭವವು ಬಂದಿತು. ಗಟ್ಟಿ ಲೋಹದ ಸೀಟುಗಳನ್ನು ಕೂಡಿಸುವುದು ಇದಕ್ಕೆ ಪರಿಹಾರ. ಇದನ್ನು ಕೇಳಿದೊಡನೆ ಚೆನ್ನಾಗಿರುವ ಹೆಡ್ಡನ್ನೂ ಬಿಚ್ಚಿಸಬೇಕೆ? ಬೇಕಾಗಿಲ್ಲ. ಮೆಲ್ಲಗೆ, ಅಲ್ಪ ದೂರ ಓಡುವ ಕಾರಿನಲ್ಲಿ ಆ ಸವೆತವು ನಿಧಾನ. ವಾಲ್ವಿನ ಅಂತರವನ್ನು ಆಗಾಗ ನೋಡುತ್ತಿದ್ದರೆ ಅದು ತಾನಾಗಿ ತಿಳಿಯುತ್ತದೆ. ಬೇರೆ ಕಾರಣಕ್ಕೆ ಹೆಡ್ಡು ಲೇತಿನ ಅಂಗಡಿಗೆ ಹೋದಾಗ ಆ ಕೆಲಸವನ್ನೂ ಮಾಡಿಸಿದರೆ ಯುಕ್ತ.

ಮೂರನೆಯ ಸಲಹೆಗಾರನ ಮಾತಿಗೆ ಈಗ ಬರೋಣ. ಈ ಎಂಜಿನ್ನು ಹೊಸದಾಗಿದ್ದಾಗ ಸುಮಾರು 95 ಅಶ್ವಶಕ್ತಿಯನ್ನು ಕೊಡುತ್ತಿದ್ದಿತು. ತೀಕ್ಷ್ಣವಾದ ಕ್ಯಾಮ್‌ಶಾಫ್ಟು, ಹೆಚ್ಚಿನ ಕಂಪ್ರೆಷನ್ನು ಇವುಗಳಿಂದ ಅದನ್ನು ಹೆಚ್ಚಿಸಬಹುದು. ಪಂದ್ಯದಲ್ಲಿ ಓಡಿಸುವವನಿಗೆ ಅದು ಧರ್ಮವೇ ಇರಬಹುದು. ಅವನ ಉದ್ದೇಶವೇ ವೇಗ. ಆದರೆ ಸವೆದುದನ್ನು ಸರಿಪಡಿಸಲು ಹೊರಟವನು ಇಲ್ಲದುದನ್ನು ಬಯಸತೊಡಗಿದರೆ ಅದು ಜೀರ್ಣೋದ್ಧಾರವಲ್ಲ, ಹೊಸ ಆಸೆ. ಆ ಆಸೆಯು ಎಂಜಿನ್ನಿನಲ್ಲಿಯೇ ನಿಲ್ಲುವುದೂ ಇಲ್ಲ. ಕ್ಲಚ್ಚು, ಗೇರು, ಬ್ರೇಕು ಒಂದೊಂದೂ ತನಗೂ ಬೇಕೆನ್ನುತ್ತದೆ.

ಮೊದಲನೆಯ ಸಲಹೆಯು ಸಾಧುವಾಗಿ ಕಾಣಬಹುದು. ಆದರೆ ಬೇರಿಂಗು ಬಡಿಯುವ ಸದ್ದನ್ನು ದಪ್ಪ ಎಣ್ಣೆಯಿಂದ ಮುಚ್ಚಿದವನು ರೋಗವನ್ನು ವಾಸಿ ಮಾಡಲಿಲ್ಲ, ರೋಗಿಯ ಬಾಯನ್ನು ಕಟ್ಟಿದನು. ಬೇರಿಂಗು ಕೈಕೊಟ್ಟ ದಿನ ಕನೆಕ್ಟಿಂಗ್ ರಾಡು ಮುರಿದು ಬ್ಲಾಕನ್ನೇ ಒಡೆದುಕೊಂಡು ಹೊರಬರಬಹುದು. ಅಲ್ಪ ವೆಚ್ಚದ ಶೆಲ್ಲನ್ನು ಉಳಿಸಹೋಗಿ, ಅಳತೆಗಳಿಂದ ಕಾಪಾಡಬೇಕಾಗಿದ್ದ ಬ್ಲಾಕನ್ನೇ ಕಳೆದುಕೊಂಡಂತಾಯಿತು. ಇನ್ನು ಸದ್ದನ್ನು ಮುಚ್ಚಿ ಆ ಕಾರನ್ನು ಮತ್ತೊಬ್ಬನಿಗೆ ಮಾರುವುದಂತೂ ಮಿತವ್ಯಯದ ಮಾತೇ ಅಲ್ಲ, ಅದು ಕಳ್ಳತನ. ಹಾಗೆಯೇ ರಿಂಗು ಮಾತ್ರ ಹಾಕಿಸಿ 'ಎಂಜಿನ್ನನ್ನು ಪೂರ್ತಿ ಹೊಸದು ಮಾಡಿಸಿದೆ' ಎಂದು ಹೇಳಿಕೊಳ್ಳುವುದೂ ಅದೇ ಜಾತಿಯದು. ಮಾಡಿದ ಕೆಲಸ ಎಷ್ಟೇ ಇರಲಿ, ಹೇಳುವ ಮಾತು ಅದಕ್ಕಿಂತ ದೊಡ್ಡದಾಗಬಾರದು.

ಎಲ್ಲಕ್ಕಿಂತಲೂ ಸೂಕ್ಷ್ಮವಾದುದು ಎರಡನೆಯ ಸಲಹೆ. ಅದು ಮಗನ ಹೃದಯವನ್ನು ತಟ್ಟುತ್ತದೆ. ತಂದೆಯ ವಸ್ತುವಿಗೆ ಹೆಚ್ಚು ಖರ್ಚು ಮಾಡಿದಷ್ಟೂ ತಂದೆಗೆ ಹೆಚ್ಚು ಗೌರವ ಸಂದಿತೆಂದು ಅವನಿಗೆ ತೋರುತ್ತದೆ. ನಮ್ಮಲ್ಲಿಯೂ ತೀರಿಕೊಂಡವರ ಹೆಸರಿನಲ್ಲಿ ಸಾಲ ಮಾಡಿ ಊರಿಗೆಲ್ಲ ಊಟ ಹಾಕಿಸಿ, ಬದುಕಿರುವ ಮಕ್ಕಳನ್ನು ಉಪವಾಸ ಕೆಡಹಿದವರಿಲ್ಲವೆ? ಖರ್ಚು ಭಕ್ತಿಯ ಅಳತೆಗೋಲಲ್ಲ. ಇನ್ನೂ ಒಂದು ಮಾತು ವಿಚಾರಾರ್ಹ. ಎಲ್ಲವನ್ನೂ ಹೊಸದು ಮಾಡಿದ ಮೇಲೆ ತಂದೆಯ ಎಂಜಿನ್ನೆಂಬುದು ಎಲ್ಲಿ ಉಳಿಯಿತು? ಗ್ರೀಕ್ ಲೇಖಕನಾದ ಪ್ಲುಟಾರ್ಕನು ಥೀಸಿಯಸನ ಹಡಗಿನ ಸಂಗತಿಯನ್ನು ಹೇಳಿದ್ದಾನೆ. ಅಥೆನ್ಸಿನ ಜನರು ಆ ಹಡಗನ್ನು ಕಾಪಾಡಲು ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆಗಳನ್ನು ಹಾಕುತ್ತ ಬಂದರು. ಅದು ಅದೇ ಹಡಗೋ ಅಲ್ಲವೋ ಎಂದು ತತ್ತ್ವಜ್ಞರು ವಾದಿಸುತ್ತ ಬಂದರು. ಆ ವಾದವು ತೀರದಿರಲಿ. ಆದರೆ ಅಥೆನ್ಸಿನವರು ತೆಗೆದುದು ಕೊಳೆತ ಹಲಗೆಗಳನ್ನು ಎಂಬುದನ್ನು ಮರೆಯಬಾರದು. ಗಟ್ಟಿಯಾಗಿದ್ದ ಹಲಗೆಯನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಕಿತ್ತಿದ್ದರೆ ಅದನ್ನು ಕಾಪಾಡುವುದೆಂದು ಯಾರೂ ಕರೆಯುತ್ತಿರಲಿಲ್ಲ. ಹಳೆಯದಾಗುವುದು ಬೇರೆ, ಕೆಡುವುದು ಬೇರೆ.

ಕೆಲಸಗಾರನ ಧರ್ಮವನ್ನೂ ಇಲ್ಲಿ ಹೇಳಬೇಕು. ಹೆಚ್ಚು ಕೆಲಸವಾದಷ್ಟೂ ಅವನಿಗೆ ಹೆಚ್ಚು ಸಂಪಾದನೆ. ಹೀಗಿದ್ದೂ 'ಇದು ಇನ್ನೂ ಅಳತೆಯೊಳಗಿದೆ, ಮುಟ್ಟಬೇಡಿ' ಎಂದು ಹೇಳುವ ಮೆಕ್ಯಾನಿಕನು ತನ್ನ ಲಾಭವನ್ನು ತಾನೇ ಕೊಯ್ದುಕೊಂಡು ಸತ್ಯವನ್ನು ಕೊಡುತ್ತಾನೆ. ಆದರೆ ಅವನನ್ನು ಆ ಸ್ಥಿತಿಗೆ ತಂದವರು ಯಾರು? ಬದಲಾಯಿಸಿದ ವಸ್ತುವಿಗೆ ಹಣ ಕೊಟ್ಟು, ಪರೀಕ್ಷಿಸಿದ ಬುದ್ಧಿಗೆ ಹಣ ಕೊಡದ ಒಡೆಯರೇ. 'ಏನೂ ಮಾಡಲಿಲ್ಲವಲ್ಲ, ಇದಕ್ಕೇನು ಕೂಲಿ?' ಎಂದು ಕೇಳುವವನು ಅನಾವಶ್ಯಕ ಕೆಲಸವನ್ನು ತಾನೇ ಬೇಡಿದಂತೆ. ಅಳೆದು, ಬರೆದು, ಬೇಡವೆಂದು ಹೇಳಿದವನಿಗೆ ಪೂರ್ತಿ ಕೂಲಿಯನ್ನು ಸಂತೋಷದಿಂದ ಕೊಡುವುದು ಒಡೆಯನ ಧರ್ಮ.

ನಮ್ಮ ಗೃಹಸ್ಥನ ಎಂಜಿನ್ನನ್ನು ಅಳೆದು ನೋಡಲಾಗಿ ಬೋರಿನ ಸವೆತ ನಾಲ್ಕು ಥೌ ಎಂದೂ, ಕ್ರ್ಯಾಂಕು ಅಳತೆಯೊಳಗಿದೆಯೆಂದೂ, ಶೆಲ್ ಬೇರಿಂಗುಗಳು ಸವೆದಿವೆಯೆಂದೂ, ಒಂದು ಎಕ್ಸಾಸ್ಟ್ ವಾಲ್ವು ಸುಟ್ಟಿದೆಯೆಂದೂ ಕಂಡಿತೆಂದು ಭಾವಿಸೋಣ. ಆಗ ಅವನು ಮಾಡಬೇಕಾದುದು ಸ್ಪಷ್ಟ. ಬೋರಿಗೆ ಹೋನಿಂಗ್, ಹೊಸ ರಿಂಗು, ಹೊಸ ಶೆಲ್ಲು, ಗ್ಯಾಸ್ಕೆಟ್ಟು, ಸೀಲು, ಚೈನು. ಹೆಡ್ಡಿಗೆ ಹೊಸ ವಾಲ್ವು, ಗೈಡು, ಗಟ್ಟಿ ಸೀಟು. ಕ್ಯಾಮ್‌ಶಾಫ್ಟು ಚೆನ್ನಾಗಿದ್ದರೆ ಅದೂ ಅದರ ಟ್ಯಾಪೆಟ್ಟುಗಳೂ ತಮ್ಮ ಸ್ಥಾನದಲ್ಲಿಯೇ ಇರಲಿ. ಪಿಸ್ಟನ್ನುಗಳು ತಂದೆಯ ಕಾಲದವೇ ಇರಲಿ. ಬ್ಲಾಕಿನ ಲೋಹವು ಮುಂದಿನವರಿಗಿರಲಿ, ಉಳಿದ ಹಣವು ಮಗಳ ವಿದ್ಯೆಗಿರಲಿ. ಒಂದು ಪುಸ್ತಕದಲ್ಲಿ ಎಲ್ಲ ಅಳತೆಗಳನ್ನೂ, ಏನನ್ನು ಬದಲಾಯಿಸಿತು, ಏನನ್ನು ಬಿಟ್ಟಿತು, ಏಕೆ ಬಿಟ್ಟಿತು ಎಂಬುದನ್ನೂ ಬರೆದು ಕಾರಿನೊಂದಿಗೆ ಇಡಲಿ. ಇದೇ ಎಂಜಿನ್ನಿನಲ್ಲಿ ಸವೆತವು ಹನ್ನೆರಡು ಥೌ ಆಗಿದ್ದರೆ ಕೊರೆಯಿಸುವುದೇ ಧರ್ಮವಾಗುತ್ತಿದ್ದಿತು; ಆಗ ಹಿಂಜರಿಯುವುದು ಲೋಭವೆನಿಸುತ್ತಿದ್ದಿತು. ಅದಕ್ಕೆ ಹಣವಿಲ್ಲದಿದ್ದರೆ, ಹಣ ಕೂಡುವವರೆಗೆ ಕಾರನ್ನು ನಿಲ್ಲಿಸಿಡುವುದರಲ್ಲಿ ಅವಮಾನವೇನೂ ಇಲ್ಲ.

ಕೈಗೆ ಬಂದ ಹಳೆಯ ವಸ್ತುವಿನ ಮುಂದೆ ನಿಂತಾಗ ಗೃಹಸ್ಥನು ಮೂರು ಮಾತುಗಳನ್ನು ಕೇಳಿಕೊಳ್ಳಲಿ. ಇದು ಕೆಟ್ಟಿದೆಯೋ, ಬರಿದೆ ಹಳೆಯದಾಗಿದೆಯೋ? ನಾನು ತೆಗೆಯುವುದನ್ನು ಮತ್ತೆ ಇಡಲು ಸಾಧ್ಯವೋ, ಇಲ್ಲವೋ? ಈ ವೆಚ್ಚವನ್ನು ಕೇಳುತ್ತಿರುವುದು ವಸ್ತುವೋ, ನನ್ನ ಅಭಿಮಾನವೋ? ಇವಕ್ಕೆ ಪ್ರಾಮಾಣಿಕವಾದ ಉತ್ತರ ದೊರೆತ ಮೇಲೆ ಕೆಲಸಕ್ಕೆ ಕೈ ಹಚ್ಚಲಿ. ಹಚ್ಚಿದ ಕೆಲಸವನ್ನು ಅರ್ಧಕ್ಕೆ ಬಿಡದೆ ಮುಗಿಸಲಿ.